ಗುಂಡಿಗೆ ಸಿಗದ ಕಡತ

‘ರಂಗ್ ದೇ ಬಸಂತಿ’ಯಲ್ಲಿ ನಡೆದದ್ದು ದೆಹಲಿಯಲ್ಲಿ ನಿಜವಾಗಿ ನಡೆಯಬಹುದಿತ್ತೇ?

2006ರ ಜನವರಿಯಲ್ಲಿ ಇನ್ನೂ ಬಿಡುಗಡೆಯಾಗದ ಒಂದು ಹಿಂದಿ ಸಿನಿಮಾವನ್ನು ಕೆಲವೇ ಮಂದಿಗೆ ವಿಶೇಷವಾಗಿ ತೋರಿಸಲಾಯಿತು. ನೋಡಲು ಬಂದವರಲ್ಲಿ ಅಂದಿನ ರಕ್ಷಣಾ ಸಚಿವ ಪ್ರಣಬ್ ಮುಖರ್ಜಿ ಇದ್ದರು, ಸೇನಾಪಡೆಗಳ ಮುಖ್ಯಸ್ಥರಿದ್ದರು. ಚಿತ್ರದಲ್ಲಿ ವಾಯುಪಡೆಯ ಮಿಗ್ ವಿಮಾನದ ಅಪಘಾತದ ಕಥೆಯಿದೆ. ಆದ್ದರಿಂದ ರಕ್ಷಣಾ ಇಲಾಖೆ ಅದನ್ನು ನೋಡಿ ಒಪ್ಪಬೇಕಿತ್ತು. ತೆರೆಯ ಮೇಲೆ ಕೆಲವು ಹುಡುಗರು ಬೆಳಗಿನ ವಾಯುವಿಹಾರಕ್ಕೆ ಬಂದ ರಕ್ಷಣಾ ಸಚಿವನನ್ನು ಗುಂಡಿಟ್ಟು ಕೊಲ್ಲುತ್ತಾರೆ. ತೆರೆಯ ಮುಂದೆ ದೇಶದ ನಿಜವಾದ ರಕ್ಷಣಾ ಸಚಿವರು ಕುಳಿತು ಅದನ್ನು ನೋಡಿದರು. ಒಪ್ಪಿಗೆ ಸಿಕ್ಕಿತು. ಗಣರಾಜ್ಯೋತ್ಸವದ ದಿನ, ಜನವರಿ 26ರಂದು, ರಾಕೇಶ್ ಓಂಪ್ರಕಾಶ್ ಮೆಹ್ರಾ ನಿರ್ದೇಶನದ ‘ರಂಗ್ ದೇ ಬಸಂತಿ’ ಬಿಡುಗಡೆಯಾಯಿತು.

ಕಥೆ ಬಹಳ ಜನರಿಗೆ ಗೊತ್ತು. ಲಂಡನ್ನಿನ ಯುವತಿ ಸೂ, ಬ್ರಿಟಿಷ್ ಕಾಲದಲ್ಲಿ ಜೈಲರ್ ಆಗಿದ್ದ ತನ್ನ ತಾತನ ದಿನಚರಿ ಹಿಡಿದು ದೆಹಲಿಗೆ ಬರುತ್ತಾಳೆ. ಭಗತ್ ಸಿಂಗ್, ಚಂದ್ರಶೇಖರ ಆಜಾದ್ ಮತ್ತು ಸಂಗಾತಿಗಳ ಮೇಲೆ ಸಾಕ್ಷ್ಯಚಿತ್ರ ಮಾಡುವುದು ಅವಳ ಉದ್ದೇಶ. ಪಾತ್ರ ಮಾಡಲು ಸಿಗುವವರು ಬೈಕು, ಬಿಯರು, ಹರಟೆ ಬಿಟ್ಟು ಬೇರೇನೂ ಬೇಡದ ವಿಶ್ವವಿದ್ಯಾಲಯದ ಹುಡುಗರು. ಬೆಳಗಾವಿಯಲ್ಲಿ ಹುಟ್ಟಿದ ಅತುಲ್ ಕುಲಕರ್ಣಿ ಮಾಡಿರುವ ಲಕ್ಷ್ಮಣ ಪಾಂಡೆ ಮಾತ್ರ ಬೇರೆ. ಅವನೊಬ್ಬ ರಾಜಕೀಯ ಪಕ್ಷದ ಕಾರ್ಯಕರ್ತ. ಈ ಬಳಗದ ಗೆಳೆಯ, ವಾಯುಪಡೆಯ ಪೈಲಟ್ ಅಜಯ್, ಮಿಗ್-21 ಅಪಘಾತದಲ್ಲಿ ಸಾಯುತ್ತಾನೆ. ತಪ್ಪು ಪೈಲಟ್‌ನದೇ ಎಂದು ಸಚಿವ ಕೈತೊಳೆದುಕೊಳ್ಳುತ್ತಾನೆ. ಇಂಡಿಯಾ ಗೇಟ್ ಬಳಿ ಶಾಂತಿಯುತವಾಗಿ ಸೇರಿದವರ ಮೇಲೆ ಲಾಠಿ ಬೀಳುತ್ತದೆ, ಅಜಯ್‌ನ ತಾಯಿ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರುತ್ತಾಳೆ. ಹುಡುಗರು ಸಚಿವನನ್ನು ಕೊಲ್ಲುತ್ತಾರೆ. ಆದರೆ ಸತ್ತ ಸಚಿವನೇ ಹುತಾತ್ಮನಾಗಿಬಿಡುತ್ತಾನೆ. ಆಗ ಅವರು ಆಕಾಶವಾಣಿ ನಿಲಯಕ್ಕೆ ನುಗ್ಗಿ, ಕೊಂದದ್ದು ತಾವೇ ಎಂದು ದೇಶಕ್ಕೆ ಹೇಳಿ, ಕಮಾಂಡೊಗಳ ಗುಂಡಿಗೆ ಬಲಿಯಾಗುತ್ತಾರೆ.

ಮೊದಲರ್ಧ ಮೆಚ್ಚಿದ ಎಷ್ಟೋ ಪ್ರೇಕ್ಷಕರು ಎರಡನೆಯ ಅರ್ಧಕ್ಕೆ ತಕರಾರು ತೆಗೆದರು. ಕಾಲೇಜು ಹುಡುಗರು ಹೀಗೆ ಮಾಡುತ್ತಾರೆಯೇ? ಇದು ನಂಬುವಂಥದ್ದೇ? ಸಿನಿಮಾದ ತರ್ಕ ಸಿನಿಮಾದ್ದು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಈ ಚಿತ್ರ ಇತಿಹಾಸವನ್ನೇ ಸಾಕ್ಷಿಗೆ ಕರೆಯುತ್ತದೆ. 1920ರ ದಶಕದ ಹುಡುಗರು ಮಾಡಿದ್ದನ್ನೇ ಇವರೂ ಮಾಡಿದರು ಎನ್ನುವುದು ಅದರ ವಾದ. ಹಾಗಾಗಿ ಇತಿಹಾಸದ ಎದುರು ನಿಲ್ಲಿಸಿ ಕೇಳುವುದು ಅನ್ಯಾಯವಲ್ಲ. ಕೇಳಬೇಕಾದದ್ದು ಮೂರು: ಅವರ ದೂರು ನಿಜವೇ, ಅವರು ಹಿಡಿದ ದಾರಿ ನಿಜವೇ, ಆಮೇಲೆ ಆದದ್ದು ನಿಜವೇ.

ದೂರು

ದೂರು ನಿಜ. 1963ರಿಂದ ಮಿಗ್-21 ವಿಮಾನಗಳು ಭಾರತೀಯ ವಾಯುಪಡೆಗೆ ಸೇರತೊಡಗಿದವು. ನಂತರ ಹಿಂದೂಸ್ತಾನ್ ಏರೋನಾಟಿಕ್ಸ್ ನಾಸಿಕ್‌ನಲ್ಲಿ ಅವನ್ನು ತಯಾರಿಸಿತು. 2012ರಲ್ಲಿ ರಕ್ಷಣಾ ಸಚಿವ ಎ.ಕೆ. ಆಂಟನಿ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ, ಕೊಂಡಿದ್ದ 872 ಮಿಗ್ ವಿಮಾನಗಳಲ್ಲಿ 482 ಅಪಘಾತಕ್ಕೀಡಾಗಿದ್ದವು. ಸತ್ತ ಪೈಲಟ್‌ಗಳು 171, ನಾಗರಿಕರು 39. ‘ಹಾರುವ ಶವಪೆಟ್ಟಿಗೆ’ ಎಂಬ ಹೆಸರು ಪತ್ರಿಕೆಗಳಲ್ಲಿ ರೂಢಿಯಾಗಿಹೋಗಿತ್ತು. 2001ರಲ್ಲಿ ರಾಜಸ್ಥಾನದಲ್ಲಿ ಸತ್ತ ಒಬ್ಬ ಯುವ ಪೈಲಟ್‌ನ ತಾಯಿ, ಮಗನ ಮೇಲೆ ಹೊರಿಸಿದ ತಪ್ಪನ್ನು ಒಪ್ಪದೆ ವರ್ಷಗಟ್ಟಲೆ ಹೋರಾಡಿದರು. ಚಿತ್ರದ ಅಜಯ್‌ನ ಕಥೆಯನ್ನು ಜನ ಆ ಪ್ರಕರಣದ ಜೊತೆಗಿಟ್ಟೇ ನೋಡಿದರು.

ಚಿತ್ರದ ಪ್ರಕಾರ ಅಪಘಾತಕ್ಕೆ ಕಾರಣ ಒಂದೇ. ಸಚಿವ ಮತ್ತು ದಲ್ಲಾಳಿ ಸೇರಿ ಕಳಪೆ ಬಿಡಿಭಾಗ ತಂದರು. ಇದು ಆಕಾಶದಿಂದ ಇಳಿದ ಕಲ್ಪನೆಯಲ್ಲ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಬಿಡಿಭಾಗಗಳ ಪೂರೈಕೆ ನಿಜಕ್ಕೂ ಅಸ್ತವ್ಯಸ್ತವಾಗಿತ್ತು. 2001ರ ಮಾರ್ಚ್‌ನಲ್ಲಿ ‘ತೆಹಲ್ಕಾ’ ಪತ್ರಕರ್ತರು ಇಲ್ಲದ ಕಂಪನಿಯ ಹೆಸರಿನಲ್ಲಿ ರಕ್ಷಣಾ ವ್ಯಾಪಾರಕ್ಕಿಳಿದು, ಹಣ ಪಡೆಯುವವರನ್ನು ಗುಟ್ಟಾಗಿ ಚಿತ್ರೀಕರಿಸಿದ್ದನ್ನು ದೇಶ ಟಿ.ವಿ.ಯಲ್ಲಿ ನೋಡಿತ್ತು.

ಆದರೆ ಪೈಲಟ್‌ಗಳ ಸಾವಿಗೆ ಇನ್ನೊಂದು ಕಾರಣವಿತ್ತು. ಅದನ್ನು ಸಿನಿಮಾ ಮಾಡುವುದು ಕಷ್ಟ. ಬೆಂಗಳೂರಿನಲ್ಲಿ ತಯಾರಾದ, ಶಬ್ದಕ್ಕಿಂತ ಕಡಿಮೆ ವೇಗದ ‘ಕಿರಣ್’ ತರಬೇತಿ ವಿಮಾನದಲ್ಲಿ ಪಳಗಿದ ಹುಡುಗರು ಮುಂದೆ ಏರಬೇಕಾದದ್ದು ಮಿಗ್-21. ಅದು ಇಳಿಯುವಾಗಲೇ ಗಂಟೆಗೆ 300 ಕಿ.ಮೀ. ದಾಟುವ ವಿಮಾನ. ಎರಡರ ನಡುವೆ ಮೆಟ್ಟಿಲೇ ಇರಲಿಲ್ಲ. ಸುಧಾರಿತ ಜೆಟ್ ತರಬೇತಿ ವಿಮಾನ ಬೇಕೇ ಬೇಕು ಎಂದು ಲಾ ಫೌಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. ಬ್ರಿಟನ್ನಿನ ‘ಹಾಕ್’ ವಿಮಾನ ಕೊಳ್ಳಲು ಸರ್ಕಾರ ಒಪ್ಪಿದ್ದು 2003ರಲ್ಲಿ. ಅದು ವಾಯುಪಡೆಗೆ ಸೇರಿದ್ದು 2008ರ ಫೆಬ್ರುವರಿಯಲ್ಲಿ, ನಮ್ಮ ಬೀದರ್ ವಾಯುನೆಲೆಯಲ್ಲಿ. ಶಿಫಾರಸಿಗೂ ಒಪ್ಪಿಗೆಗೂ ನಡುವೆ ಇಂದಿರಾ ಗಾಂಧಿಯಿಂದ ಹಿಡಿದು ದೇವೇಗೌಡರನ್ನೂ ಸೇರಿಸಿ ವಾಜಪೇಯಿಯವರ ತನಕ ಎಂಟು ಪ್ರಧಾನಿಗಳು ಆಗಿಹೋದರು. ಒಂದು ಕಡತ ಇಪ್ಪತ್ತೊಂದು ವರ್ಷ ಮೇಜಿನಿಂದ ಮೇಜಿಗೆ ಸಾಗಿತು.

ಚಿತ್ರದ ಹುಡುಗರ ಲೆಕ್ಕ ತಪ್ಪುವುದು ಇಲ್ಲೇ. ಲಂಚ ತಿಂದ ಒಬ್ಬ ಸಚಿವನಾದರೆ ಅವನಿಗೊಂದು ಮುಖವಿದೆ, ಅವನು ಬೆಳಿಗ್ಗೆ ವಾಕಿಂಗ್ ಹೋಗುವ ಸಮಯವಿದೆ. ಇಪ್ಪತ್ತೊಂದು ವರ್ಷದ ವಿಳಂಬಕ್ಕೆ ಮುಖವಿಲ್ಲ. ಅದಕ್ಕೆ ಗುರಿಯಿಡುವುದು ಹೇಗೆ?

ಮಂಗಳೂರಿನ ರಕ್ಷಣಾ ಸಚಿವ

ಮಿಗ್ ವಿಮಾನಗಳ ಬಗ್ಗೆ ಕೂಗು ಜೋರಾಗಿದ್ದ ವರ್ಷಗಳಲ್ಲಿ ರಕ್ಷಣಾ ಸಚಿವರಾಗಿದ್ದವರು ಜಾರ್ಜ್ ಫರ್ನಾಂಡಿಸ್. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿ, ಅದನ್ನು ಬಿಟ್ಟು ಮುಂಬಯಿಗೆ ಹೋಗಿ ಕಾರ್ಮಿಕ ನಾಯಕರಾದವರು. ತೆಹಲ್ಕಾ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟು, ಕೆಲವೇ ತಿಂಗಳಲ್ಲಿ ಅದೇ ಹುದ್ದೆಗೆ ಮರಳಿದ್ದರು. 2003ರ ಆಗಸ್ಟ್‌ನಲ್ಲಿ ಎಪ್ಪತ್ಮೂರು ವರ್ಷದ ಅವರು ಅಂಬಾಲಾ ವಾಯುನೆಲೆಯಲ್ಲಿ ಮಿಗ್-21ರ ಹಿಂದಿನ ಸೀಟಿನಲ್ಲಿ ಕುಳಿತು ಹಾರಿದರು. ವಿಮಾನ ಸುರಕ್ಷಿತ ಎಂದು ತೋರಿಸುವುದು ಉದ್ದೇಶ.

ಇದೇ ಮನುಷ್ಯ ಇಪ್ಪತ್ತೇಳು ವರ್ಷ ಹಿಂದೆ ದೆಹಲಿಯ ತೀಸ್ ಹಜಾರಿ ನ್ಯಾಯಾಲಯಕ್ಕೆ ಕೈಕೋಳ ಹಾಕಿಸಿಕೊಂಡು ಬಂದಿದ್ದರು. ಸರಪಳಿ ಬಿಗಿದ ಕೈಯನ್ನು ಮೇಲೆತ್ತಿದ ಅವರ ಚಿತ್ರ ತುರ್ತು ಪರಿಸ್ಥಿತಿಯ ಗುರುತಾಗಿ ಉಳಿದಿದೆ. ಅವರ ಮೇಲಿದ್ದದ್ದು ಬರೋಡಾ ಡೈನಮೈಟ್ ಪ್ರಕರಣ. ಗುಜರಾತಿನಿಂದ ಡೈನಮೈಟ್ ಸಂಗ್ರಹಿಸಿ, ರೈಲು ಹಳಿ ಮತ್ತು ಸರ್ಕಾರಿ ಆಸ್ತಿಗಳನ್ನು ಸ್ಫೋಟಿಸಿ ಸರ್ಕಾರವನ್ನು ಉರುಳಿಸಲು ಸಂಚು ನಡೆಸಿದರು ಎಂಬುದು ಸಿಬಿಐ ಆರೋಪ. 1976ರ ಜೂನ್ 10ರಂದು ಕಲ್ಕತ್ತಾದಲ್ಲಿ ಅವರನ್ನು ಬಂಧಿಸಲಾಯಿತು. ಆರೋಪಿಗಳ ಪಟ್ಟಿಯಲ್ಲಿ ಉದ್ಯಮಿ ವೀರೇನ್ ಶಾ ಇದ್ದರು, ಪತ್ರಕರ್ತ ವಿಕ್ರಂ ರಾವ್ ಇದ್ದರು, ಒಂದು ಕಾಲಕ್ಕೆ ಮೈಸೂರು ರಾಜ್ಯದಿಂದ ರಾಜ್ಯಸಭೆಯಲ್ಲಿದ್ದ ಸಿ.ಜಿ.ಕೆ. ರೆಡ್ಡಿ ಇದ್ದರು. ಯಾರ ಜೀವಕ್ಕೂ ಅಪಾಯವಾಗಬಾರದು ಎಂಬುದು ತಮ್ಮ ನಿಯಮವಾಗಿತ್ತು ಎಂದು ಜಾರ್ಜ್ ಕಡೆಯವರು ಹೇಳುತ್ತಿದ್ದರು.

ಪ್ರಕರಣದ ಬೆಲೆಯನ್ನು ಬೇರೆಯವರೂ ತೆತ್ತರು. ಜಾರ್ಜ್ ಎಲ್ಲಿದ್ದಾರೆ ಎಂದು ಹೇಳಿಸಲು ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದು ಪೊಲೀಸರು ಚಿತ್ರಹಿಂಸೆ ಕೊಟ್ಟರು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರ ನೆನಪಿನಲ್ಲಿರುವ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರು ಜೈಲಿನಲ್ಲಿಟ್ಟರು. ಅವರಿಗೆ ಉಬ್ಬಸವಿತ್ತು. ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಎಂಟು ತಿಂಗಳು ಒಳಗಿದ್ದರು. 1977ರ ಜನವರಿಯಲ್ಲಿ, ದೇಹ ಪೂರ್ತಿ ಸೋತ ಮೇಲೆ ಪೆರೋಲ್ ಸಿಕ್ಕಿತು. ಜನವರಿ 20ರಂದು ತೀರಿಕೊಂಡರು.

ಎರಡು ತಿಂಗಳ ನಂತರ ಚುನಾವಣೆ ನಡೆಯಿತು. ಜೈಲಿನಲ್ಲಿದ್ದುಕೊಂಡೇ ಜಾರ್ಜ್ ಬಿಹಾರದ ಮುಜಫ್ಫರ್‌ಪುರದಿಂದ ಭಾರಿ ಅಂತರದಲ್ಲಿ ಗೆದ್ದರು. ಹೊಸ ಸರ್ಕಾರ ಮೊಕದ್ದಮೆಯನ್ನು ಹಿಂದೆಗೆದುಕೊಂಡಿತು. ಆರೋಪಿ ಮಂತ್ರಿಯಾದರು.

ಇದನ್ನು ಯಾವ ಚಿತ್ರಕಥೆಗಾರನಾದರೂ ಬರೆದಿದ್ದರೆ ಅತಿಯಾಯಿತು ಎಂದು ಪ್ರೇಕ್ಷಕರೇ ನಗುತ್ತಿದ್ದರು. ಸರ್ಕಾರ ಉರುಳಿಸಲು ಡೈನಮೈಟ್ ಕೂಡಿಸಿದ ಆರೋಪ ಹೊತ್ತವನೇ ಮುಂದೆ ದೇಶದ ಸೇನೆಗೆ ಹೊಣೆಯಾಗುತ್ತಾನೆ. ಆಗ ಅವನ ಕಾಲದ ವಿಮಾನಗಳು ಬೀಳುತ್ತವೆ, ಅವನ ವಿರುದ್ಧ ಲಂಚದ ಕೂಗು ಏಳುತ್ತದೆ. ‘ರಂಗ್ ದೇ ಬಸಂತಿ’ಯಲ್ಲಿ ಬಂಡಾಯಗಾರರು ಒಂದು ಕಡೆ, ಸಚಿವ ಇನ್ನೊಂದು ಕಡೆ. ನಿಜ ಇತಿಹಾಸದಲ್ಲಿ ಇಬ್ಬರೂ ಒಬ್ಬನೇ ಆಗಿದ್ದ ಉದಾಹರಣೆ ಚಿತ್ರ ಬರುವ ಎರಡು ವರ್ಷ ಹಿಂದಿನವರೆಗೂ ಕಚೇರಿಯಲ್ಲಿ ಕುಳಿತಿತ್ತು.

ಎರವಲು ತಂದದ್ದು, ಬಿಟ್ಟು ಬಂದದ್ದು

ಚಿತ್ರ ತನ್ನ ನ್ಯಾಯಕ್ಕೆ ಆಧಾರವಾಗಿ ತೆಗೆದುಕೊಳ್ಳುವುದು ಲಾಹೋರಿನ ಘಟನೆಯನ್ನು. 1928ರ ಅಕ್ಟೋಬರ್ 30ರಂದು ಸೈಮನ್ ಆಯೋಗದ ವಿರುದ್ಧದ ಮೆರವಣಿಗೆಯಲ್ಲಿ ಲಾಲಾ ಲಜಪತ್ ರಾಯ್ ಮೇಲೆ ಲಾಠಿ ಬಿತ್ತು. ನವೆಂಬರ್ 17ರಂದು ಅವರು ತೀರಿಕೊಂಡರು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 17ರಂದು, ಭಗತ್ ಸಿಂಗ್, ರಾಜಗುರು, ಆಜಾದ್ ಸೇರಿ ಪೊಲೀಸ್ ಅಧಿಕಾರಿ ಸಾಂಡರ್ಸ್‌ನನ್ನು ಕೊಂದರು. ಲಾಠಿ, ತಾಯಿಯ ಗಾಯ, ಸೇಡು ಎಂಬ ಚಿತ್ರದ ಸರಣಿ ಇಲ್ಲಿಂದ ಬಂದದ್ದು. ಚಿತ್ರ ಹೆಚ್ಚು ಯೋಚಿಸದೆ ದಾಟಿದ ಒಂದು ವಿವರವಿದೆ. ಅವರು ಕೊಲ್ಲಬೇಕೆಂದಿದ್ದದ್ದು ಸಾಂಡರ್ಸ್‌ನನ್ನಲ್ಲ, ಲಾಠಿ ಪ್ರಹಾರಕ್ಕೆ ಆದೇಶ ಕೊಟ್ಟ ಸ್ಕಾಟ್‌ನನ್ನು. ಗುರುತು ತಪ್ಪಿತು. ಬೆನ್ನಟ್ಟಿ ಬಂದ ಚನನ್ ಸಿಂಗ್ ಎಂಬ ಭಾರತೀಯ ಪೇದೆಯೂ ಸತ್ತ.

ಭಗತ್ ಸಿಂಗ್ ಸಂಗಾತಿಗಳ ರಾಜಕೀಯದಲ್ಲಿ ಇದು ಕೊನೆಯ ಮಾತಾಗಿರಲಿಲ್ಲ. ಅವರ ಹಿಂದೂಸ್ತಾನ್ ಸೋಷಲಿಸ್ಟ್ ರಿಪಬ್ಲಿಕನ್ ಅಸೋಸಿಯೇಷನ್ ಹೊಸ ಹೆಸರು ಪಡೆದದ್ದು 1928ರ ಸೆಪ್ಟೆಂಬರ್‌ನಲ್ಲಿ, ದೆಹಲಿಯ ಫಿರೋಜ್ ಶಾ ಕೋಟ್ಲಾದ ಪಾಳು ಗೋಡೆಗಳ ನಡುವೆ. ಅವರ ಅತಿ ದೊಡ್ಡ ಕೆಲಸವೂ ನಡೆದದ್ದು ದೆಹಲಿಯಲ್ಲೇ. 1929ರ ಏಪ್ರಿಲ್ 8ರಂದು ಕೇಂದ್ರ ಶಾಸನಸಭೆಯ ಪ್ರೇಕ್ಷಕರ ಗ್ಯಾಲರಿಯಿಂದ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಎರಡು ಬಾಂಬು ಎಸೆದರು. ಭಗತ್ ಸಿಂಗ್‌ಗೆ ಇಪ್ಪತ್ತೊಂದು, ದತ್ತನಿಗೆ ಹದಿನೆಂಟು. ಕಾರ್ಮಿಕ ವಿವಾದ ಮಸೂದೆ ಮತ್ತು ಸಾರ್ವಜನಿಕ ಸುರಕ್ಷಾ ಮಸೂದೆಗಳು ಅಂದಿನ ವಿಷಯವಾಗಿದ್ದವು. ಬಾಂಬು ಬಿದ್ದದ್ದು ಖಾಲಿ ಬೆಂಚುಗಳ ಕಡೆಗೆ. ಕೆಲವರಿಗೆ ಗಾಯವಾಯಿತು, ಯಾರೂ ಸಾಯಲಿಲ್ಲ. ಇಬ್ಬರೂ ಓಡಲಿಲ್ಲ. ಕರಪತ್ರ ಚೆಲ್ಲಿ, ಘೋಷಣೆ ಕೂಗಿ, ಬಂಧಿಸಲು ಬಿಟ್ಟರು. ಕಿವುಡರಿಗೆ ಕೇಳಿಸಲು ದೊಡ್ಡ ದನಿ ಬೇಕು ಎಂಬ ಕರಪತ್ರದ ವಾದ 1893ರಲ್ಲಿ ಪ್ಯಾರಿಸ್ಸಿನ ಸಂಸತ್ತಿಗೆ ಬಾಂಬು ಎಸೆದ ಓಗುಸ್ತ್ ವೈಯಾಂನಿಂದ ಬಂದದ್ದು.

ಆಮೇಲೆ ಅವರು ನ್ಯಾಯಾಲಯವನ್ನೇ ವೇದಿಕೆ ಮಾಡಿಕೊಂಡರು. ಜೂನ್ ತಿಂಗಳಲ್ಲಿ ಓದಿದ ಹೇಳಿಕೆಯಲ್ಲಿ ತಮ್ಮ ಉದ್ದೇಶ ಕೊಲೆಯಲ್ಲ ಎಂದು ವಿವರಿಸಿದರು. ಜೈಲಿನಲ್ಲಿ ದೀರ್ಘ ಉಪವಾಸ ಮಾಡಿದರು. ಸಾಂಡರ್ಸ್ ಕೊಲೆಯಿಂದ ಬಂದ ಹೆಸರಿಗಿಂತ ಈ ಉಪವಾಸ ಮತ್ತು ಹೇಳಿಕೆಗಳಿಂದ ಬಂದ ಹೆಸರು ಎಷ್ಟೋ ಪಟ್ಟು ದೊಡ್ಡದು. 1931ರ ಫೆಬ್ರುವರಿಯಲ್ಲಿ, ಗಲ್ಲಿಗೇರುವ ಮೊದಲು ಯುವ ಕಾರ್ಯಕರ್ತರಿಗೆ ಬರೆದದ್ದರಲ್ಲಿ ಭಗತ್ ಸಿಂಗ್, ತಾನು ಭಯೋತ್ಪಾದಕನಲ್ಲ, ಆರಂಭದ ದಿನಗಳಲ್ಲಿ ಇದ್ದರೂ ಇರಬಹುದು, ಆ ದಾರಿಯಲ್ಲಿ ಏನೂ ಗಳಿಸಲಾಗದು ಎಂಬ ಅರ್ಥದ ಮಾತು ಬರೆದ. ರೈತರನ್ನೂ ಕಾರ್ಮಿಕರನ್ನೂ ಸಂಘಟಿಸುವುದೇ ದಾರಿ ಎಂದ.

ಚಿತ್ರದ ಹುಡುಗರು ಈ ಪಯಣದ ಮೊದಲ ನಿಲ್ದಾಣದಲ್ಲೇ ಇಳಿದುಬಿಡುತ್ತಾರೆ. 1928ರ ಡಿಸೆಂಬರ್ ಅವರಿಗೆ ಬೇಕು, 1929ರ ಏಪ್ರಿಲ್ ಅರ್ಧ ಬೇಕು, 1931ರ ಫೆಬ್ರುವರಿ ಬೇಡ. ಅವರ ಕೈಯಲ್ಲಿ ಕರಪತ್ರವಿಲ್ಲ, ಸಂಘಟನೆಯಿಲ್ಲ, ನಾಳೆಯ ಯೋಜನೆಯಿಲ್ಲ. ಆ ದೃಷ್ಟಿಯಿಂದ ಚಿತ್ರ ಅಪ್ರಾಮಾಣಿಕವೂ ಅಲ್ಲ. ಸಿಟ್ಟಿಗೆ ಸಂಘಟನೆಯ ತಾಳ್ಮೆ ಇರುವುದಿಲ್ಲ ಎಂಬುದು 2006ರಲ್ಲೂ ನಿಜ, 1928ರಲ್ಲೂ ನಿಜ.

ಬಾಂಬಿನ ಬಗ್ಗೆ ದೆಹಲಿಯಲ್ಲಿ ಆಗಲೇ ದೊಡ್ಡ ವಾದವೂ ನಡೆದಿತ್ತು. 1929ರ ಡಿಸೆಂಬರ್ 23ರಂದು ವೈಸರಾಯ್ ಇರ್ವಿನ್ ಪ್ರಯಾಣಿಸುತ್ತಿದ್ದ ರೈಲಿನ ಕೆಳಗೆ, ದೆಹಲಿ ತಲುಪುವ ಹೊತ್ತಿಗೆ ಬಾಂಬು ಸಿಡಿಯಿತು. ಇರ್ವಿನ್ ಉಳಿದರು. ಗಾಂಧೀಜಿ ‘ಯಂಗ್ ಇಂಡಿಯಾ’ದಲ್ಲಿ ಬಾಂಬಿನ ಆರಾಧನೆಯನ್ನು ಟೀಕಿಸಿ ಬರೆದರು. ಹಿಂಸೆ ಮೊದಲು ಪರಕೀಯರ ಮೇಲೆ ತಿರುಗಿ ಆಮೇಲೆ ನಮ್ಮವರ ಮೇಲೇ ತಿರುಗುತ್ತದೆ ಎಂಬ ಆತಂಕ ಅವರದು. ಭಗವತಿ ಚರಣ್ ವೋಹ್ರಾ ‘ಬಾಂಬಿನ ತತ್ವ’ ಎಂಬ ಉತ್ತರ ಬರೆದರು. ಅದನ್ನು ಹಂಚಿದ್ದು 1930ರ ಜನವರಿ 26ರಂದು. ಎಪ್ಪತ್ತಾರು ವರ್ಷದ ನಂತರ ಅದೇ ತಾರೀಕಿಗೆ ಬಿಡುಗಡೆಯಾದ ಚಿತ್ರ ಅದೇ ವಾದದ ಮುಂದುವರಿಕೆ. ಒಂದೇ ವ್ಯತ್ಯಾಸ, ಈ ಸಲ ಗುಂಡು ತಿಂದವನು ಮತ ಪಡೆದು ಬಂದ ಸಚಿವ. ಗಾಂಧೀಜಿಯ ಆತಂಕದ ಎರಡನೆಯ ಭಾಗ ಅದೇ ಆಗಿತ್ತು.

ದಾರಿ, ಮತ್ತು ಆಮೇಲಿನದು

ರಾಜಧಾನಿಯಲ್ಲಿ ಒಬ್ಬ ರಾಜಕಾರಣಿಯನ್ನು ಯುವಕರು ಹೀಗೆ ಕೊಲ್ಲಬಹುದೇ? ಇದಕ್ಕೆ ಉತ್ತರ ದುರದೃಷ್ಟವಶಾತ್ ಹೌದು. 1985ರ ಜುಲೈ 31ರಂದು ಕಾಂಗ್ರೆಸ್ ಸಂಸದ ಲಲಿತ್ ಮಾಕನ್ ಅವರನ್ನು ದೆಹಲಿಯ ಕೀರ್ತಿನಗರದ ಅವರ ಮನೆಯ ಹೊರಗೇ ಗುಂಡಿಟ್ಟು ಕೊಂದರು. ಹೆಂಡತಿ ಗೀತಾಂಜಲಿಯೂ ಸತ್ತರು. ಅವರು ಮುಂದೆ ರಾಷ್ಟ್ರಪತಿಯಾದ ಶಂಕರ ದಯಾಳ ಶರ್ಮರ ಮಗಳು. ಕೊಂದವರು ಸಿಖ್ ಯುವಕರು. 1984ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಹತ್ಯೆಯ ಬೆನ್ನಿಗೆ ದೆಹಲಿಯಲ್ಲಿ ಸರ್ಕಾರಿ ಲೆಕ್ಕದಂತೆಯೇ 2,733 ಸಿಖ್ಖರ ಕೊಲೆಯಾಗಿತ್ತು. ನ್ಯಾಯ ಸಿಕ್ಕಿರಲಿಲ್ಲ. ಗಲಭೆಗೆ ಹೊಣೆಯೆಂದು ತಾವು ನಂಬಿದವನನ್ನು ಅವರು ಕೊಂದರು.

ಚಿತ್ರದ ಸನ್ನಿವೇಶಕ್ಕೆ ಇದಕ್ಕಿಂತ ಹತ್ತಿರದ ಘಟನೆ ದೆಹಲಿಯ ಇತಿಹಾಸದಲ್ಲಿ ಇಲ್ಲ. ದೂರು ನಿಜ, ನ್ಯಾಯಾಲಯ ನಿಧಾನ, ಹುಡುಗರಿಗೆ ಸಿಟ್ಟು, ಎದುರಿಗೆ ಒಂದು ಮುಖ. ಆದರೆ ನಿಜದಲ್ಲಿ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಾಕನ್ ದಂಪತಿಗೆ ಆರು ವರ್ಷದ ಮಗಳಿದ್ದಳು. ಕೊಲೆಗಾರರಲ್ಲಿ ಸುಖದೇವ್ ಸಿಂಗ್ ಸುಖಾ ಮತ್ತು ಹರ್ಜಿಂದರ್ ಸಿಂಗ್ ಜಿಂದಾ ಮುಂದೆ ಪುಣೆಯಲ್ಲಿ ಜನರಲ್ ವೈದ್ಯ ಅವರನ್ನು ಕೊಂದು 1992ರಲ್ಲಿ ಗಲ್ಲಿಗೇರಿದರು. ಮೂರನೆಯವನಾದ ರಂಜಿತ್ ಸಿಂಗ್ ಗಿಲ್‌ನನ್ನು ಅಮೆರಿಕದಿಂದ ಕರೆತಂದು ಜೀವಾವಧಿ ಶಿಕ್ಷೆ ವಿಧಿಸಿದರು. ದೊಡ್ಡವಳಾದ ಆ ಮಗಳು ಅವನನ್ನು ಭೇಟಿಯಾದಳು. ಕ್ಷಮಿಸಿದಳು. ಅವನ ಬಿಡುಗಡೆಗೂ ಕೇಳಿಕೊಂಡಳು.

‘ರಂಗ್ ದೇ ಬಸಂತಿ’ಯ ಸಚಿವನಿಗೆ ಮನೆಯಿಲ್ಲ. ಅವನು ಸತ್ತ ಸಂಜೆ ಯಾರು ಅತ್ತರು ಎಂದು ನಮಗೆ ಗೊತ್ತಾಗುವುದಿಲ್ಲ. ಹುಡುಗರ ಬಳಗದ ಅಸ್ಲಂನ ಮನೆ ಚಿತ್ರದಲ್ಲಿದೆ, ಆದರೆ ಅವನು ಸತ್ತ ಮೇಲೆ ಆ ಮನೆಯ ಬಾಗಿಲಿಗೆ ಯಾರು ಬಂದರು ಎಂಬುದಿಲ್ಲ. 1984ರ ದೆಹಲಿ ಕಂಡವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಪ್ರಧಾನಿಯನ್ನು ಕೊಂದವರು ಇಬ್ಬರು ಅಂಗರಕ್ಷಕರು, ಅದಕ್ಕೆ ಸುಟ್ಟದ್ದು ತ್ರಿಲೋಕಪುರಿಯ ಮನೆಗಳು. ಕೊಲೆಗಾರರ ಹೆಸರು ನೋಡಿ ಇಡೀ ಸಮುದಾಯದ ಮೇಲೆ ಲೆಕ್ಕ ಬರೆಯುವ ಅಭ್ಯಾಸ ಈ ನಗರಕ್ಕೆ ಇತ್ತು. ಸಚಿವನ ಹತ್ಯೆಯ ಆರೋಪಿಗಳಲ್ಲಿ ಒಬ್ಬನ ಹೆಸರು ಅಸ್ಲಂ ಎಂದು ಗೊತ್ತಾದ ಸಂಜೆ ಹಳೆ ದೆಹಲಿಯ ಓಣಿ ಹೇಗಿರುತ್ತಿತ್ತು? ಅಸಂಭವ ಎಂದು ಕರೆಯಬೇಕಾದದ್ದು ಕೊಲೆಯನ್ನಲ್ಲ, ಕೊಲೆಯ ನಂತರದ ಈ ನಿಶ್ಶಬ್ದವನ್ನು.

ಇನ್ನೊಂದು ವಿಷಯ. ಚಿತ್ರ ಬರುವ ಮೂರೇ ತಿಂಗಳ ಹಿಂದೆ, 2005ರ ಅಕ್ಟೋಬರ್ 29ರಂದು, ದೀಪಾವಳಿಯ ಪೇಟೆಯಲ್ಲಿ ಬಾಂಬು ಸಿಡಿದು ಅರವತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಸರೋಜಿನಿ ನಗರ, ಪಹಾರ್‌ಗಂಜ್, ಗೋವಿಂದಪುರಿ. ಗಾಯ ಇನ್ನೂ ಹಸಿಯಾಗಿದ್ದ ನಗರದ ಚಿತ್ರಮಂದಿರಗಳಲ್ಲೇ ಈ ಹುಡುಗರಿಗೆ ಚಪ್ಪಾಳೆ ಬಿತ್ತು. ಜನ ಎರಡನ್ನೂ ಒಂದೇ ಎಂದುಕೊಳ್ಳಲಿಲ್ಲ. ಏಕೆಂದರೆ ಪೇಟೆಯಲ್ಲಿ ಸತ್ತವರು ತಮ್ಮಂಥವರು, ಚಿತ್ರದಲ್ಲಿ ಸತ್ತವನು ತಮ್ಮಂಥವನಲ್ಲ.

ರೇಡಿಯೊ ಮತ್ತು ಒಂದು ಪದ

ಆಕಾಶವಾಣಿಯ ದೃಶ್ಯಕ್ಕೆ ಬಂದರೆ, 24 ಗಂಟೆ ಸುದ್ದಿ ಚಾನಲ್‌ಗಳ ಕಾಲದಲ್ಲಿ ರೇಡಿಯೊ ಏಕೆ ಎಂದು ಅನೇಕರಿಗೆ ಅನ್ನಿಸಿತ್ತು. ಇದಕ್ಕೆ ಇತಿಹಾಸ ಚಿತ್ರದ ಪರವಾಗಿಯೇ ನಿಲ್ಲುತ್ತದೆ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಇಪ್ಪತ್ತೆರಡು ವರ್ಷದ ಉಷಾ ಮೆಹ್ತಾ ಮತ್ತು ಗೆಳೆಯರು ಮುಂಬಯಿಯಲ್ಲಿ ಗುಪ್ತ ಕಾಂಗ್ರೆಸ್ ರೇಡಿಯೊ ನಡೆಸಿದರು. ಜಾಗ ಬದಲಿಸುತ್ತಾ, 1942ರ ನವೆಂಬರ್‌ನಲ್ಲಿ ಸಿಕ್ಕಿಬೀಳುವ ತನಕ. 1975ರ ಜೂನ್ 26ರ ಬೆಳಿಗ್ಗೆ ತುರ್ತು ಪರಿಸ್ಥಿತಿಯ ಸುದ್ದಿಯನ್ನು ಇಂದಿರಾ ಗಾಂಧಿ ದೇಶಕ್ಕೆ ತಿಳಿಸಿದ್ದು ಇದೇ ಆಕಾಶವಾಣಿಯಿಂದ. ಹಿಂದಿನ ರಾತ್ರಿ ದೆಹಲಿಯ ಪತ್ರಿಕಾ ಕಚೇರಿಗಳ ಕರೆಂಟ್ ಕಿತ್ತಿದ್ದರು. 2006ರಲ್ಲೂ ಖಾಸಗಿ ಎಫ್ಎಂ ಕೇಂದ್ರಗಳಿಗೆ ಸುದ್ದಿ ಹೇಳುವ ಹಕ್ಕಿರಲಿಲ್ಲ. ಸರ್ಕಾರದ ದನಿಯನ್ನೇ ಒಂದು ಗಂಟೆ ಕಸಿದುಕೊಳ್ಳುವುದು ಹುಚ್ಚಾಟವಾದರೂ ಅರ್ಥವಿಲ್ಲದ ಹುಚ್ಚಾಟವಲ್ಲ. ಅದು 1929ರ ಪ್ರೇಕ್ಷಕರ ಗ್ಯಾಲರಿಯ ಹೊಸ ರೂಪ.

ಹುಡುಗರು ರೇಡಿಯೊದಲ್ಲಿ ಹೇಳಲು ಹೋದದ್ದು ಮುಖ್ಯವಾಗಿ ಒಂದು ಪದದ ಬಗ್ಗೆ. ಟಿ.ವಿ.ಗಳು ಕೊಲೆಯನ್ನು ಭಯೋತ್ಪಾದಕರ ಕೆಲಸ ಎಂದಿದ್ದವು. ಅಲ್ಲ ಎನ್ನಲು ಅವರು ಪ್ರಾಣ ಕೊಟ್ಟರು. ಹಿಂದಿಯ ‘ಆತಂಕವಾದಿ’, ಕನ್ನಡದ ‘ಭಯೋತ್ಪಾದಕ’, ಎರಡೂ ಇಂಗ್ಲಿಷಿನ ‘ಟೆರರಿಸ್ಟ್’ ಪದಕ್ಕೆಂದು ಕಟ್ಟಿದವು. ಹಿಂದಿ ಪದ ‘ವಾದಿ’ ಎನ್ನುತ್ತದೆ, ಅಂದರೆ ಅವನಿಗೊಂದು ಸಿದ್ಧಾಂತವಿದೆ. ಕನ್ನಡ ಪದ ‘ಉತ್ಪಾದಕ’ ಎನ್ನುತ್ತದೆ, ಅವನು ಭಯವನ್ನು ಹುಟ್ಟಿಸುವವನು, ಅಷ್ಟೇ. ತಲೆಬರಹದಲ್ಲಿ ಜಾಗ ಸಾಲದೆ ಕನ್ನಡ ಪತ್ರಿಕೆಗಳು ಅದನ್ನು ಇನ್ನೂ ಚಿಕ್ಕದು ಮಾಡಿ ‘ಉಗ್ರ’ ಎಂದವು. ಹಾಗಾದಾಗ ಸಿದ್ಧಾಂತವೂ ಹೋಯಿತು, ಕೆಲಸವೂ ಹೋಯಿತು, ಸ್ವಭಾವ ಮಾತ್ರ ಉಳಿಯಿತು. ಬ್ರಿಟಿಷ್ ಕಡತಗಳಲ್ಲಿ ಭಗತ್ ಸಿಂಗ್ ಬಳಗಕ್ಕೆ ‘ಟೆರರಿಸ್ಟ್’ ಎಂದೇ ಹೆಸರು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರು ಕ್ರಾಂತಿಕಾರಿಗಳು. ಒಂದರಿಂದ ಇನ್ನೊಂದಕ್ಕೆ ದಾಟಿಸಿದ್ದು ಬಾಂಬಿನ ಶಬ್ದವಲ್ಲ. ನಂತರದ ಎರಡು ವರ್ಷ ಅವರು ಬರೆದದ್ದು, ವಾದಿಸಿದ್ದು, ಉಪವಾಸವಿದ್ದು ಸಹಿಸಿದ್ದು. ಒಂದು ಗಂಟೆಯ ಪ್ರಸಾರದಲ್ಲಿ ಆ ಕೆಲಸ ಆಗುತ್ತಿರಲಿಲ್ಲ.

ಮೇಣದಬತ್ತಿ

ಚಿತ್ರ ತೆರೆಕಂಡ ನಾಲ್ಕು ವಾರದೊಳಗೆ, 2006ರ ಫೆಬ್ರುವರಿ 21ರಂದು, ದೆಹಲಿಯ ವಿಚಾರಣಾ ನ್ಯಾಯಾಲಯ ಜೆಸ್ಸಿಕಾ ಲಾಲ್ ಕೊಲೆ ಪ್ರಕರಣದ ಎಲ್ಲ ಆರೋಪಿಗಳನ್ನೂ ಬಿಡುಗಡೆ ಮಾಡಿತು. 1999ರಲ್ಲಿ ಮೆಹ್ರೌಲಿಯ ಒಂದು ಪಾರ್ಟಿಯಲ್ಲಿ, ಹತ್ತಾರು ಜನರ ಎದುರು ನಡೆದ ಕೊಲೆ ಅದು. ಮುಖ್ಯ ಆರೋಪಿ ಮನು ಶರ್ಮ ಹರಿಯಾಣದ ಪ್ರಭಾವಿ ರಾಜಕಾರಣಿಯ ಮಗ. ಸಾಕ್ಷಿಗಳು ಒಬ್ಬೊಬ್ಬರಾಗಿ ಮಾತು ಬದಲಿಸಿದ್ದರು.

ಸಿನಿಮಾ ಹುಡುಗರಿಗೆ ಕೆಟ್ಟ ಪಾಠ ಕಲಿಸುತ್ತದೆ ಎಂದು ಹೆದರಿದವರಿಗೆ ಇದು ಪರೀಕ್ಷೆಯ ಸಮಯ. ದೂರು ಸಿದ್ಧವಾಗಿತ್ತು, ಮುಖವೂ ಇತ್ತು. ಯುವಕರು ಸಿನಿಮಾದ ಒಂದು ದೃಶ್ಯವನ್ನು ನಕಲು ಮಾಡಿದರು. ಇಂಡಿಯಾ ಗೇಟ್‌ಗೆ ಬಂದು ಮೇಣದಬತ್ತಿ ಹಚ್ಚಿದರು. ಎಸ್ಎಂಎಸ್ ಕಳಿಸಿದರು, ಸಹಿ ಸಂಗ್ರಹಿಸಿದರು. ಪಿಸ್ತೂಲಿನ ದೃಶ್ಯವನ್ನು ಯಾರೂ ನಕಲು ಮಾಡಲಿಲ್ಲ. ಪೊಲೀಸರು ಮೇಲ್ಮನವಿ ಹೋದರು. ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಮನು ಶರ್ಮನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಚಿತ್ರದೊಳಗೆ ಮೇಣದಬತ್ತಿ ಸೋಲುತ್ತದೆ. ಅದು ಸೋತಿದ್ದರಿಂದಲೇ ಹುಡುಗರು ಬಂದೂಕು ಹಿಡಿಯುತ್ತಾರೆ. ಚಿತ್ರದ ಹೊರಗೆ, ಅದೇ ಜಾಗದಲ್ಲಿ, ಅದೇ ವರ್ಷ, ಮೇಣದಬತ್ತಿ ಗೆದ್ದಿತು. ಪ್ರತಿ ಸಲ ಗೆಲ್ಲುತ್ತದೆ ಎಂದಲ್ಲ. ಸುದ್ದಿ ಕ್ಯಾಮೆರಾ ಹೋಗದ ಊರುಗಳಲ್ಲಿ, ಇಂಗ್ಲಿಷ್ ಬಾರದ ಮನೆಗಳಲ್ಲಿ ಅದು ಗೆದ್ದದ್ದು ಕಡಿಮೆ. ಸ್ನೇಹಲತಾ ರೆಡ್ಡಿಯವರಿಗಾಗಿ 1976ರಲ್ಲಿ ಯಾರೂ ಬೀದಿಯಲ್ಲಿ ಬತ್ತಿ ಹಚ್ಚುವಂತಿರಲಿಲ್ಲ. ಆದರೂ ಪ್ರೇಕ್ಷಕರು ಸಿನಿಮಾಕ್ಕಿಂತ ಜಾಣರಾಗಿದ್ದರು ಎಂಬುದು ದಾಖಲಾಯಿತು. ಇಡೀ ಚಿತ್ರಕ್ಕೆ ಚಪ್ಪಾಳೆ ತಟ್ಟಿ, ಬೇಕಾದಷ್ಟನ್ನು ಮಾತ್ರ ಮನೆಗೆ ತಂದರು.

ಕಡತವೂ ಒಂದು ದಿನ ಕೊನೆ ಮುಟ್ಟಿತು. ಹಾಕ್ ವಿಮಾನಗಳು ಬೀದರ್ ಆಕಾಶದಲ್ಲಿ ಹಾರತೊಡಗಿದವು, ಮಿಗ್-21 2025ರ ಸೆಪ್ಟೆಂಬರ್‌ನಲ್ಲಿ ಚಂಡೀಗಢದಲ್ಲಿ ಸೇವೆಯಿಂದ ನಿವೃತ್ತಿಯಾಯಿತು. ಯಾವ ಸಚಿವನೂ ಅದಕ್ಕಾಗಿ ಗುಂಡು ತಿನ್ನಲಿಲ್ಲ. ಸತ್ತವರ ಮನೆಯವರು ಪತ್ರ ಬರೆದರು, ಸಂಸತ್ತಿನಲ್ಲಿ ಪ್ರಶ್ನೆ ಕೇಳಲಾಯಿತು, ವರದಿಗಳು ಬಂದವು. ಬಹಳ ತಡವಾಗಿ, ಬಹಳ ಜನ ಸತ್ತ ಮೇಲೆ.

ಚಿತ್ರ ತನ್ನ ಐವರನ್ನೂ ಕೊಲ್ಲುತ್ತದೆ. ಬದುಕಿದ್ದರೆ ಅವರು ಏನಾಗುತ್ತಿದ್ದರು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. 1929ರ ಇಬ್ಬರಲ್ಲಿ ಒಬ್ಬ ಬದುಕಿದ. ಬಟುಕೇಶ್ವರ ದತ್ತ ಜೈಲಿನಿಂದ ಹೊರಬಂದ. ಸ್ವತಂತ್ರ ಭಾರತದಲ್ಲಿ ಪಟ್ನಾದಲ್ಲಿ ಹೊಟ್ಟೆಪಾಡಿಗೆ ಒದ್ದಾಡಿದ. ಕಾಯಿಲೆ ಬಿದ್ದಾಗ ಅವನನ್ನು ತಾನು ಬಾಂಬು ಎಸೆದ ಅದೇ ದೆಹಲಿಗೆ ಕರೆತಂದು ಏಮ್ಸ್ ಆಸ್ಪತ್ರೆಗೆ ಸೇರಿಸಿದರು. 1965ರ ಜುಲೈ 20ರಂದು ಅಲ್ಲೇ ತೀರಿಕೊಂಡ. ಅಂತ್ಯಸಂಸ್ಕಾರ ನಡೆದದ್ದು ಪಂಜಾಬಿನ ಹುಸೇನಿವಾಲಾದಲ್ಲಿ, ಮೂವತ್ತನಾಲ್ಕು ವರ್ಷ ಮೊದಲು ಭಗತ್ ಸಿಂಗ್, ರಾಜಗುರು, ಸುಖದೇವ್ ಅವರನ್ನು ಸುಟ್ಟ ಜಾಗದ ಪಕ್ಕದಲ್ಲಿ.